ಕೊಡಗಿನ ತೆರ್ಮೆ ಸೊಪ್ಪನ್ನು ಹಸನು ಮಾಡುವುದು ಹೇಗೆ?

ಪ್ರಶ್ನೆ: ಮಡಿಕೇರಿಯ ಸಂತೆಯಿಂದ ತೆರ್ಮೆ ಸೊಪ್ಪಿನ ಕಟ್ಟೊಂದನ್ನು ತಂದಿದ್ದೇನೆ. ಯಾವ ಭಾಗವನ್ನು ಬಳಸಬೇಕು, ಹಸಿಯಾಗಿ ತಿನ್ನಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮಳೆಗಾಲದಲ್ಲಿ ತೋಡಿನ ಬದಿಯಲ್ಲಿ ಚಿಗುರುವ ಈ ಜರೀಗಿಡದ ಸುರುಳಿ ಬಿಚ್ಚದ ತುದಿಯನ್ನೂ, ಬಾಗಿಸಿದರೆ ಪಟ್ಟನೆ ಮುರಿಯುವಷ್ಟು ಎಳೆಯ ದಂಟನ್ನೂ ಮಾತ್ರ ಇಟ್ಟುಕೊಳ್ಳಿ, ಮುರಿಯದೆ ಬಾಗುವ ದಂಟು ಎಷ್ಟು ಬೇಯಿಸಿದರೂ ನಾರಾಗಿಯೇ ಉಳಿಯುತ್ತದೆ. ಮೇಲಿನ ಕಂದು ರೋಮವನ್ನು ಬಟ್ಟೆಯಿಂದ ಉಜ್ಜಿ ತೆಗೆದು, ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಉತ್ತರ 2: ಹಸಿಯಾಗಿ ಖಂಡಿತ ಬೇಡ. ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಜರೀಗಿಡಗಳಲ್ಲಿದ್ದು, ಚೆನ್ನಾಗಿ ಬೇಯಿಸಿದಾಗ ಮಾತ್ರ ಅದು ನಾಶವಾಗುತ್ತದೆ. ಬ್ರಾಕೆನ್ ಎಂಬ ಇನ್ನೊಂದು ಜರೀಗಿಡದಲ್ಲಿ ಕ್ಯಾನ್ಸರ್‌ಕಾರಕ ಅಂಶವಿರುವುದರಿಂದ, ಗುರುತು ಬಲ್ಲವರು ಜೊತೆಗಿಲ್ಲದೆ ಕೊಯ್ಯಲು ಹೋಗಬೇಡಿ.

ಉತ್ತರ 3: ಸಾಸಿವೆ, ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಯಲ್ಲಿ ಬೇಯಿಸಿ ತೆಂಗಿನತುರಿ ಬೆರೆಸಿ. ಅಕ್ಕಿರೊಟ್ಟಿಗೆ ಇದಕ್ಕಿಂತ ಒಳ್ಳೆಯ ಪಲ್ಯವಿಲ್ಲವೆಂದೇ ನನ್ನ ಅಭಿಪ್ರಾಯ.