‘ಬಿಸಲು ಬಡದದ’ ಅಂದ್ರೆ ತಲೆಗೋ ತೊಗಲಿಗೋ?

ನಮ್ಮ ಕಲಬುರಗಿ ಕಡೆಯ ಒಂದು ಮಾತಿನ ಬಗ್ಗೆ ಕೇಳಬೇಕಿತ್ತು. ಹೋದ ಮೇ ತಿಂಗಳಲ್ಲಿ ಕಾಕಾ ಇಡೀ ದಿನ ಬಯಲಲ್ಲಿ ಶಹಾಬಾದ್ ಕಲ್ಲು ಹಾಸಿ ಸಂಜೆ ಮನೆಗೆ ಬಂದರು. ‘ಬಿಸಲು ಬಡದದ’ ಅಂದರು, ಅಷ್ಟೇ. ಕಾಕು ಗಾಬರಿಯಾಗಿ ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ತಿಕ್ಕಿದರು, ಮಾವಿನಕಾಯಿ ಪಾನಕ ಕುಡಿಸಿದರು. ರಾತ್ರಿ ಅಂಗಿ ಬಿಚ್ಚುವಾಗ ನೋಡಿದರೆ ಕುತ್ತಿಗೆಯ ಹಿಂದೆ, ಕಾಲರಿನ ಗೆರೆಯಿಂದ ಮೇಲಕ್ಕೆ, ಕೈ ಇಟ್ಟರೆ ಕಾದ ಹಂಚಿನ ಹಾಗೆ. ಬೆಳಗ್ಗೆ ಸಣ್ಣ ನೀರುಗುಳ್ಳೆ ಎದ್ದಿದ್ದವು.

ಅಂದ್ರೆ ಒಂದೇ ಮಾತು ಎರಡು ಬೇರೆ ತೊಂದರೆಗಳಿಗೆ ನಡೀತಾ ಇದೆ. ಒಂದು ಬಿಸಿಲು ತಲೆಗೆ ಹತ್ತೋದು: ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತೊದಲಿದರೆ ಮೈ ತಣ್ಣಗೆ ಮಾಡ್ತಾ ಕೂಡಲೇ ಆಸ್ಪತ್ರೆಗೆ ಓಡಬೇಕು. ಕಾಕಾಗೆ ಆದದ್ದು ಹಾಗಲ್ಲ, ಚರ್ಮ ಬೆಂದದ್ದು. ಉರಿ ಕೆಲವು ತಾಸು ಬಿಟ್ಟು ಶುರುವಾಗಿ ಸುಮಾರು ಒಂದು ದಿನದೊಳಗೆ ಜೋರಾಗುತ್ತದೆ, ಆಮೇಲೆ ‘ತೊಗಲು ಸುಲಿಲತ್ತದ’ ಅಂತೀವಲ್ಲ, ಹಾಗೆ. ತಣ್ಣೀರ ಬಟ್ಟೆ ಇಡಬೇಕು, ಲೋಳೆಸರ ಹಚ್ಚಬಹುದು, ನೀರು ಜಾಸ್ತಿ ಕುಡಿಬೇಕು, ಗುಳ್ಳೆ ಒಡೀಬಾರದು. ಇದಕ್ಕೆ ‘ಬಿಸಿಲಿಗೆ ಬೆಂದ ತೊಗಲು’ ಅಂದರೆ ಸರಿಯಾಗುತ್ತಾ? ‘ಸುಟ್ಟ ಗಾಯ’ ಅಂದ್ರೆ ನನಗೆ ಒಲೆ, ಎಣ್ಣೆಯೇ ನೆನಪಾಗುತ್ತದೆ.

ಇನ್ನೊಂದು. ಕನ್ನಡದ ಆರೋಗ್ಯ ಕರಪತ್ರಗಳಲ್ಲಿ ‘ಚರ್ಮ ಕೆಂಪಾಗುತ್ತದೆ’ ಅಂತ ಬರೆದಿರುತ್ತಾರೆ. ಕಾಕಾನ ಬಣ್ಣಕ್ಕೆ ಕೆಂಪು ಎದ್ದು ಕಾಣೋದೇ ಇಲ್ಲ. ಬಿಸಿ, ಉರಿ, ಬಿಗಿತ ಅಂತ ಬರೆದರೆ ಓದಿದವರಿಗೆ ಗೊತ್ತಾಗುತ್ತದೆ, ಅಲ್ವಾ? ಕೆನ್ನೆ ಮೇಲಿನ ಕಂದು ಕಲೆ, ‘ಬಂಗು’ ಅಂತೀವಲ್ಲ, ಅದು ಬೇರೆ. ಬಿಸಿಲಿಗೆ ಹೆಚ್ಚಾಗುತ್ತದೆ ನಿಜ, ಆದರೆ ಬಸಿರಿನಲ್ಲೂ ಬರುತ್ತದೆ. ‘ಬೆವರುಸಾಲೆ’ ಬರೋದು ಬೆವರಿನ ದಾರಿ ಕಟ್ಟಿಕೊಂಡು.

ನನಗೆ ಹೆಸರೇ ಸಿಗದಿರೋದು ಇದಕ್ಕೆ: ವರ್ಷಗಟ್ಟಲೆ ಬಿಸಿಲು ತಿಂದವರ ಕಿವಿಯಂಚಿನಲ್ಲಿ, ಮುಂಗೈ ಮೇಲೆ, ಬೋಳುತಲೆಯಲ್ಲಿ ಬೆರಳಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ ಹತ್ತೋ ಕಲೆ. ನಮ್ಮ ಮೈಬಣ್ಣದವರಲ್ಲಿ ಕಮ್ಮಿ, ಆದರೆ ಬಿಟ್ಟರೆ ಕೆಲವು ಸಲ ಕ್ಯಾನ್ಸರ್ ಆಗಬಹುದು. ಡಾಕ್ಟರು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ತೆಗೀತಾರೆ, ಇಲ್ಲಾಂದ್ರೆ ಮುಲಾಮು ಕೊಡ್ತಾರೆ. ‘ಹಕ್ಕಳೆ’ ಅಂದ್ರೆ ಗಾಯ ಒಣಗಿದ್ದು ಅಂತ ಸುಮ್ನೆ ಬಿಟ್ಟುಬಿಡ್ತಾರೆ, ಅದೇ ನನ್ನ ಭಯ. ಬೀದರ, ಯಾದಗಿರಿ ಕಡೆಯವರೇ, ನಿಮ್ಮ ಹೊಲದಲ್ಲಿ ದುಡಿಯೋ ಹಿರಿಯರು ಇದಕ್ಕೆ ಏನಂತಾರೆ?