ಒಳಗಿನ ಮೋಡೆಮ್ ಡಯಲ್ ಮಾಡುತ್ತಿಲ್ಲ, ಎರರ್ 680, ತಲೆ ಕೆಟ್ಟು ಹೋಗಿದೆ

ಮಲೆನಾಡ್98:
ಎರಡು ಭಾನುವಾರ ಹಾಳಾದವು. ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ ತರುತ್ತಿತ್ತಲ್ಲ, ಆ ಒಳಗಿನ ಮೋಡೆಮ್ ಕಾರ್ಡನ್ನು ಅಪ್ಪನ ಹಳೇ ಪಿಸಿಗೆ ಹಾಕಿದ್ದೇನೆ. ವಿಂಡೋಸ್ 98 ಎಸ್‌ಇ. ಡ್ರೈವರ್ ಕೂತಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತೂ ಇಲ್ಲ. ಆದರೆ ಕನೆಕ್ಟ್ ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರರ್ 680, ಡಯಲ್ ಟೋನ್ ಇಲ್ಲ ಅನ್ನುತ್ತದೆ. ಅದೇ ತಂತಿಗೆ ಫೋನ್ ಹಾಕಿದರೆ ಟೋನ್ ಗುಂಯ್ ಅಂತ ಬರುತ್ತಿದೆ! ಕೇಬಲ್ ಬದಲಾಯಿಸಿದೆ, ಸ್ಲಾಟ್ ಬದಲಾಯಿಸಿದೆ, ಡ್ರೈವರ್ ಮೂರು ಸಲ ತೆಗೆದು ಹಾಕಿದೆ. ಮೋಡೆಮ್ ಕನೆಕ್ಟ್ ಆಗುವಾಗಿನ ಆ ಕಿರ್ರ್ ಕೊಯ್ಯ್ ಸದ್ದು ಕೇಳಿಸುತ್ತೇನೆ ಅಂತ ಮಗಳಿಗೆ ಮಾತು ಬೇರೆ ಕೊಟ್ಟಿದ್ದೇನೆ. ಯಾರಾದರೂ ದಾರಿ ತೋರಿಸಿ.

ಜಂಪರ್‌ಬಾಬು:
ಐಆರ್‌ಕ್ಯು ಜಗಳ, ಸರ್. ಐಆರ್‌ಕ್ಯು ಅಂದರೆ ಕಾರ್ಡು ಸಿಪಿಯುವನ್ನು ಕರೆಯುವ ಗೆರೆಯ ನಂಬರು. ಇದರಲ್ಲಿ ಯೋಚಿಸುವುದೇನೂ ಇಲ್ಲ. ಸೀರಿಯಲ್ ಪೋರ್ಟ್‌ಗಳಲ್ಲಿ ಕಾಮ್1 ಮತ್ತು ಕಾಮ್3 ಎರಡೂ ಐಆರ್‌ಕ್ಯು 4, ಕಾಮ್2 ಮತ್ತು ಕಾಮ್4 ಎರಡೂ ಐಆರ್‌ಕ್ಯು 3. ಮೋಡೆಮ್ ಹೋಗಿ ಕಾಮ್3ರಲ್ಲಿ ಕೂತಿರುತ್ತದೆ. ಪಿಸಿ ಶುರುವಾಗುವಾಗಿನ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಬೋರ್ಡಿನ ಸೀರಿಯಲ್ ಪೋರ್ಟ್ ಎರಡನ್ನೂ ಡಿಸೇಬಲ್ ಮಾಡಿ. ಆಮೇಲೆ ಬಂದು ಥ್ಯಾಂಕ್ಸ್ ಹೇಳಿ.

ಪಿಸಿಐ_ಪಂಡಿತ:
ಕಾರ್ಡ್ ಯಾವುದು ಅಂತಲೇ ಹೇಳಿಲ್ಲ. ಹಳೇ ಐಎಸ್ಎ ಸ್ಲಾಟಿನದಾ, ಆಮೇಲೆ ಬಂದ ಪಿಸಿಐ ಸ್ಲಾಟಿನದಾ? ಚಿಪ್ ಯಾವುದು? ಲೈನ್ ಯಾವುದು? ಇಷ್ಟು ಹೇಳದೆ ಔಷಧಿ ಕೇಳಿದರೆ ಹೇಗೆ.

ಮಲೆನಾಡ್98:
ಮಾಮೂಲಿ ಪಿಸಿಐ ಕಾರ್ಡ್. ಹಸಿರು ಬಣ್ಣದ್ದು. ಹಿಂದೆ ಎರಡು ತೂತಿವೆ. ಲೈನ್ ಮಾಮೂಲಿ ಲ್ಯಾಂಡ್‌ಲೈನ್.

@ಜಂಪರ್‌ಬಾಬು, ನೀವು ಹೇಳಿದ ಹಾಗೆ ಎರಡೂ ಡಿಸೇಬಲ್ ಮಾಡಿದೆ. ಎರರ್ 680 ಹಾಗೇ ಇದೆ. ಈಗ ಮೌಸ್ ಕೂಡ ಹೋಯಿತು.

ಪಿಸಿಐ_ಪಂಡಿತ:
ಸೀರಿಯಲ್ ಮೌಸ್ ಇತ್ತಾ?! ಅದನ್ನು ಈಗ ಹೇಳುತ್ತೀರಾ!

ಮಲೆನಾಡ್98:
ಆ ಕಾಲದ ಮೌಸ್ ಅಂದರೆ ಅದೇ ಅಲ್ವಾ? ಪ್ರತ್ಯೇಕವಾಗಿ ಹೇಳಬೇಕು ಅನ್ನಿಸಲಿಲ್ಲ. ಟ್ಯಾಬ್ ಕೀ ಒತ್ತಿ ಒತ್ತಿ ಬೆರಳು ನೋಯುತ್ತಿದೆ. ಮತ್ತೆ ನಾನು ಸರ್ ಅಲ್ಲ, ಮೇಡಂ.

ಜಂಪರ್‌ಬಾಬು:
ಕ್ಷಮಿಸಿ ಮೇಡಂ. ಆದರೆ ನೋಡಿ, ನಾನು ಹೇಳಿದ್ದೇ ಸರಿಯಾಯಿತು. ಮೌಸ್ ಕಾಮ್1, ಮೋಡೆಮ್ ಕಾಮ್3, ಇಬ್ಬರಿಗೂ ಐಆರ್‌ಕ್ಯು 4. ಶುದ್ಧ ಜಗಳ. ಮೌಸ್ ಅನ್ನು ಕಾಮ್2ಕ್ಕೆ ಹಾಕಿ. 1999ರಲ್ಲಿ ನಮ್ಮ ಅಂಗಡಿಗೆ ಬರುತ್ತಿದ್ದ ಹತ್ತು ಮೋಡೆಮ್‌ಗಳಲ್ಲಿ ಒಂಬತ್ತಕ್ಕೆ ಇದೇ ಕಾಯಿಲೆ. ಕಾರ್ಡಿನ ಮೇಲಿನ ಜಂಪರ್, ಅಂದರೆ ಸೆಟ್ಟಿಂಗ್ ಬದಲಿಸುವ ಪುಟ್ಟ ಕ್ಲಿಪ್, ಎರಡು ಕಡ್ಡಿ ಆಚೀಚೆ ಮಾಡಿದರೆ ಮುಗಿಯುತ್ತಿತ್ತು.

ಪಿಸಿಐ_ಪಂಡಿತ:
ಅದು ಐಎಸ್ಎ ಕಾಲದ ಕಥೆ. ಪಿಸಿಐ ಕಾರ್ಡಿನಲ್ಲಿ ಕಿತ್ತು ಹಾಕಲು ಜಂಪರ್ ಎಲ್ಲಿದೆ? ಪಿಸಿಐನಲ್ಲಿ ಇಬ್ಬರು ಒಂದೇ ಐಆರ್‌ಕ್ಯು ಹಂಚಿಕೊಳ್ಳಬಹುದು. ಕಾಮ್3 ಅನ್ನುವುದು ಡ್ರೈವರ್ ಕೊಟ್ಟ ಹೆಸರು ಮಾತ್ರ. ಮೇಡಂ, ಪೋರ್ಟ್‌ಗಳನ್ನು ವಾಪಸ್ ಎನೇಬಲ್ ಮಾಡಿ, ಮೌಸ್ ಉಳಿಸಿಕೊಳ್ಳಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ಸ್, ಡಯಾಗ್ನೋಸ್ಟಿಕ್ಸ್, ಮೋರ್ ಇನ್ಫೋ ಒತ್ತಿ. ಏನು ಬರುತ್ತದೆ ಬರೆಯಿರಿ. ಕಾರ್ಡಿನ ಚಿಪ್ ಯಾವ ಕಂಪನಿಯದು ಅಂತ ಹೇಳುವ ವೆಂಡರ್ ಐಡಿಯೂ ಬೇಕು. 14ಎಫ್1 ಇದ್ದರೆ ಕೊನೆಕ್ಸಂಟ್, 11ಸಿ1 ಇದ್ದರೆ ಲೂಸೆಂಟ್, 1057 ಇದ್ದರೆ ಮೊಟೊರೊಲಾ.

ಜಂಪರ್‌ಬಾಬು:
ಹಂಚಿಕೊಳ್ಳಬಹುದು ಅನ್ನುವುದು ಪುಸ್ತಕದಲ್ಲಿ. 98ರಲ್ಲಿ ಹಂಚಿಕೊಂಡು ಬದುಕಿದವರನ್ನು ನಾನು ನೋಡಿಲ್ಲ. ಸೌಂಡ್ ಕಾರ್ಡ್ ಕಿತ್ತು ನೋಡಿ ಮೇಡಂ.

ಮಲೆನಾಡ್98:
ಮೌಸ್ ಬಂತು. ಉಸ್ಸಪ್ಪಾ.

ಮೋರ್ ಇನ್ಫೋದಲ್ಲಿ ಎಟಿಐ1, ಎಟಿಐ2 ಅಂತ ಸಾಲುಸಾಲು ಬಂದು, ಎದುರಿಗೆ ಓಕೆ ಅಂತಲೂ ಇದೆ. ವೆಂಡರ್ ಐಡಿ 14ಎಫ್1. ಸೌಂಡ್ ಕಾರ್ಡೂ ಕಿತ್ತೆ. ಅದೇ 680.

ಪಿಸಿಐ_ಪಂಡಿತ:
ಹಾಗಾದರೆ ಕೊನೆಕ್ಸಂಟ್, ಬಹುಶಃ ಅವರ ಎಚ್‌ಎಸ್‌ಎಫ್ ಸಾಫ್ಟ್‌ಮೋಡೆಮ್. ಎಟಿ ಕಮಾಂಡಿಗೆ, ಅಂದರೆ ಪಿಸಿ ಮೋಡೆಮ್‌ಗೆ ಕೊಡುವ ಆಜ್ಞೆಗೆ, ಉತ್ತರ ಕೊಡುತ್ತಿದೆ ಅಂದರೆ ಡ್ರೈವರ್, ಪೋರ್ಟ್, ಐಆರ್‌ಕ್ಯು ಎಲ್ಲ ಸರಿ ಇದೆ. 680 ಹೇಳುತ್ತಿರುವುದು ಮೋಡೆಮ್ಮೇ. ಪೋರ್ಟ್ ಜಗಳವಾಗಿದ್ದರೆ 633ನೋ 692ನೋ ಬರುತ್ತಿತ್ತು. ಐಆರ್‌ಕ್ಯು ಅಧ್ಯಾಯ ಇಲ್ಲಿಗೆ ಮುಚ್ಚೋಣ.

ಕರಾವಳಿ_ಕೀಲಿಮಣೆ:
ಮಾರಾಯ್ರೇ, ಮೊದಲು ತಂತಿ ಯಾವ ತೂತಿಗೆ ಹಾಕಿದ್ದಾರೆ ಕೇಳಿ. ಲೈನ್ ಅಂತ ಒಂದು, ಫೋನ್ ಅಂತ ಒಂದು ಇರುತ್ತದೆ. ಗೋಡೆಯಿಂದ ಬಂದದ್ದು ಲೈನ್‌ಗೆ ಹೋಗಬೇಕು.

ಜಂಪರ್‌ಬಾಬು:
ಎರಡೂ ಒಂದೇ. ಒಳಗೆ ಪ್ಯಾರಲಲ್. ಯಾವುದಕ್ಕೆ ಹಾಕಿದರೂ ನಡೆಯುತ್ತದೆ.

ಕರಾವಳಿ_ಕೀಲಿಮಣೆ:
ಅಗ್ಗದ ಕಾರ್ಡಿನಲ್ಲಿ ಒಂದೇ. ಒಳ್ಳೆಯದರಲ್ಲಿ ಅಲ್ಲ. ಡಯಲ್ ಮಾಡುವಾಗ ಫೋನ್ ತೂತನ್ನು ಕತ್ತರಿಸುವ ಕಾರ್ಡುಗಳಿವೆ. ನನ್ನ ಹತ್ತಿರ ಯುಎಸ್ ರೊಬೊಟಿಕ್ಸ್ 5610 ಇದೆ, ಪಿಸಿಐ ಆದರೂ ಪೂರ್ತಿ ಹಾರ್ಡ್‌ವೇರ್ ಮೋಡೆಮ್. ಅದರ ಪಕ್ಕ ಇಂಥ ಸಾಫ್ಟ್‌ಮೋಡೆಮ್ ಅಂದರೆ ಬರೀ ತಂತಿ ಸಿಕ್ಕಿಸುವ ಹಲಗೆ. ಲೆಕ್ಕವೆಲ್ಲ ಪಾಪ ಸಿಪಿಯು ಮಾಡಬೇಕು.

ಪಿಸಿಐ_ಪಂಡಿತ:
ಪೆಂಟಿಯಂ 3ಕ್ಕೆ ಅದೇನು ಭಾರವೂ ಅಲ್ಲ. ಎಲ್ಲದಕ್ಕೂ ವಿನ್‌ಮೋಡೆಮ್‌ಗೆ, ಅಂದರೆ ಇಂಥ ಸಾಫ್ಟ್‌ಮೋಡೆಮ್‌ಗೆ, ಬಯ್ಯುವುದು ಒಂದು ಚಟವಾಗಿದೆ.

ಕರಾವಳಿ_ಕೀಲಿಮಣೆ:
ವಿಂಡೋಸ್ ಡ್ರೈವರ್ ಇಲ್ಲದ ಡಾಸ್‌ನಲ್ಲಿ ಓಡಿಸಿ ತೋರಿಸಿ ಹಾಗಾದರೆ.

ಪಿಸಿಐ_ಪಂಡಿತ:
ಅವರು ಡಾಸ್ ಕೇಳಿದ್ದಾರಾ?

ಟೆಲಿಕಾಂ_ತಾತ:
ನಾನು ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದು ಮಾತು ಹೇಳಲೇ? ನಮ್ಮ ದೇಶದ ಡಯಲ್ ಟೋನ್ 400 ಹರ್ಟ್ಸ್‌ನದು, ಅದಕ್ಕೆ 25 ಹರ್ಟ್ಸ್‌ನ ಏರಿಳಿತ. ಅಮೆರಿಕದ್ದು 350 ಮತ್ತು 440 ಕೂಡಿದ್ದು. ಕಾರ್ಡು ಅಮೆರಿಕದ ಟೋನಿಗೆ ಕಿವಿ ಕೊಟ್ಟು ಕೂತಿದ್ದರೆ ನಮ್ಮದು ಅದಕ್ಕೆ ಕೇಳಿಸದೇ ಇರಬಹುದು. ಮೋಡೆಮ್ ಪ್ರಾಪರ್ಟೀಸ್‌ನಲ್ಲಿ 'ಡಯಲ್ ಟೋನ್‌ಗೆ ಕಾಯಿ' ಅನ್ನುವ ಗುರುತು ತೆಗೆಯಿರಿ. ಇಲ್ಲವೇ ಎಕ್ಸ್‌ಟ್ರಾ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್3 ಅಂತ ಬರೆಯಿರಿ. ಟೋನ್ ಇದೆಯೋ ಇಲ್ಲವೋ ನೋಡದೆ ಡಯಲ್ ಮಾಡುತ್ತದೆ. ದೇಶ ಸರಿ ಮಾಡಲು ಎಟಿ+ಜಿಸಿಐ=53. 53 ಅಂದರೆ ಭಾರತ.

1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತಲ್ಲ, ಆಮೇಲಿನ ವರ್ಷಗಳಲ್ಲಿ ನಾನು ಶೆಲ್ ಅಕೌಂಟ್‌ನಲ್ಲಿ ಕರೀ ಪರದೆ, ಬಿಳಿ ಅಕ್ಷರ ನೋಡುತ್ತಾ ಕೂತವನು. ಚಿತ್ರವಿಲ್ಲ, ಏನಿಲ್ಲ. 172ರಿಂದ ಶುರುವಾಗುವ ನಂಬರು, ಎಂಗೇಜ್, ಮತ್ತೆ ರೀಡಯಲ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಸಿಗುತ್ತಿತ್ತು.

ಮಲೆನಾಡ್98:
ತಾತ, ನಮಸ್ಕಾರ. ಎಕ್ಸ್3 ಹಾಕಿದೆ. ಈಗ 680 ಬರುವುದಿಲ್ಲ! ಆದರೆ ಡಯಲಿಂಗ್ ಅಂತ ತೋರಿಸುತ್ತಾ ಸುಮಾರು ಒಂದು ನಿಮಿಷ ಕೂತು ಎರರ್ 678, ಆ ಕಡೆಯಿಂದ ಉತ್ತರವಿಲ್ಲ ಅಂತ ಬರುತ್ತದೆ. ಸದ್ದೇ ಇಲ್ಲ. ಮೋಡೆಮ್ ಸ್ಪೀಕರ್ ವಾಲ್ಯೂಮ್ ಪೂರ್ತಿ ಏರಿಸಿದ್ದೇನೆ.

ಜಂಪರ್‌ಬಾಬು:
ಐಆರ್‌ಕ್ಯು.

ಪಿಸಿಐ_ಪಂಡಿತ:
ಸುಮ್ನಿರಿ ಸ್ವಾಮಿ.

ಟೆಲಿಕಾಂ_ತಾತ:
ಮಗೂ, ಡಯಲ್ ಶುರುವಾಗುವಾಗ ಕಾರ್ಡಿನಿಂದ ಟಿಕ್ ಅನ್ನುತ್ತದಾ? ರಿಲೇ ಎಳೆದುಕೊಳ್ಳುವ ಸದ್ದು ಅದು. ಫೋನ್ ಎತ್ತಿದ ಹಾಗೆ ಅಂದುಕೊಳ್ಳಿ.

ಮಲೆನಾಡ್98:
ಇಲ್ಲ. ಏನೂ ಇಲ್ಲ.

ಪಿಸಿಐ_ಪಂಡಿತ:
ಟಿಕ್ ಇಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅನ್ನಬೇಡಿ. ಡಿಎಎ ಅಂದರೆ ಕಾರ್ಡು ಫೋನ್ ಲೈನಿಗೆ ತಾಗುವ ಭಾಗ. ಕೊನೆಕ್ಸಂಟ್‌ನ ಸ್ಮಾರ್ಟ್‌ಡಿಎಎ ಕಾರ್ಡುಗಳಲ್ಲಿ ರಿಲೇಯೇ ಇರುವುದಿಲ್ಲ, ಎಲ್ಲ ಟ್ರಾನ್ಸಿಸ್ಟರ್. ಮೀಟರ್ ಇದ್ದರೆ ಖಚಿತವಾಗಿ ಹೇಳಬಹುದು. ಲೈನ್‌ಗೆ ಪ್ಯಾರಲಲ್ ಆಗಿ ಡಿಸಿ ವೋಲ್ಟ್‌ನಲ್ಲಿ ಮೀಟರ್ ಇಡಿ. ಎಲ್ಲ ಸುಮ್ಮನಿದ್ದಾಗ 48ರ ಹತ್ತಿರ ಇರಬೇಕು. ಮೋಡೆಮ್‌ಗೆ ನೇರವಾಗಿ ಕಮಾಂಡ್ ಕೊಡುವ ಹೈಪರ್‌ಟರ್ಮಿನಲ್ ತೆರೆದು ಎಟಿಎಚ್1 ಕೊಡಿ. ಮೋಡೆಮ್ ಫೋನ್ ಎತ್ತಿದ ಹಾಗೆ ಆಗಬೇಕು. ಆಗ ವೋಲ್ಟೇಜ್ ಹತ್ತರ ಒಳಗೆ ಕುಸಿಯಬೇಕು. ಕುಸಿಯದಿದ್ದರೆ ಲೈನಿನ ಕಡೆಯ ಅರ್ಧ ಕಾರ್ಡು ಹೋಗಿದೆ ಅಂತಲೇ.

ಕರಾವಳಿ_ಕೀಲಿಮಣೆ:
ಬರಿಗೈಯಲ್ಲಿ ತಂತಿ ಹಿಡಿಯಬೇಡಿ ಮತ್ತೆ. ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗಿನ ಎಸಿ ಚೆನ್ನಾಗಿ ಜುಮ್ ಅನ್ನಿಸುತ್ತದೆ. ಅನುಭವದ ಮಾತು.

ಮಲೆನಾಡ್98:
ಮನೆಯವರ ಮೀಟರ್ ತೆಗೆದುಕೊಂಡು ನೋಡಿದೆ. ಸುಮ್ಮನಿದ್ದಾಗ 47. ಎಟಿಎಚ್1 ಕೊಟ್ಟೆ, ಓಕೆ ಅಂತು. ಮೀಟರ್ 47ರಲ್ಲೇ ನಿಂತಿದೆ. ಮಾಮೂಲಿ ಫೋನ್ ಎತ್ತಿದರೆ 8ಕ್ಕೆ ಇಳಿಯುತ್ತದೆ.

ಪಿಸಿಐ_ಪಂಡಿತ:
ಮುಗಿಯಿತು. ಡಿಎಎ ಸುಟ್ಟಿದೆ. ಪಿಸಿ ಕಡೆಯ ಅರ್ಧ ಬದುಕಿದೆ, ಅದಕ್ಕೇ ಓಕೆ ಓಕೆ ಅನ್ನುತ್ತಿದೆ. ಈ ಕಾರ್ಡು ಎಲ್ಲಿಂದ ಬಂತು?

ಮಲೆನಾಡ್98:
ಅದೇ ಪಿಸಿಯದ್ದು. 2003ರಲ್ಲಿ ಸಿಡಿಲು ಹೊಡೆದ ಮೇಲೆ ನೆಟ್ ಬರುತ್ತಿರಲಿಲ್ಲ ಅಂತ ಅಪ್ಪ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರು. ನೋಡುವುದಕ್ಕೆ ಹೊಸದರ ಹಾಗೇ ಇದೆ.

ಪಿಸಿಐ_ಪಂಡಿತ:
...

ಟೆಲಿಕಾಂ_ತಾತ:
ಮಗೂ, ಇದನ್ನು ಮೊದಲೇ ಹೇಳಬಾರದಾ!

ಮಲೆನಾಡ್98:
ಸಿಡಿಲಿಗೆ ಆಗ ಟಿವಿ, ಫೋನ್ ಎಲ್ಲ ಹೋಗಿತ್ತು. ಕಾರ್ಡು ಕಪ್ಪಾಗಿರಲಿಲ್ಲ. ಡ್ರೈವರ್ ಸಮಸ್ಯೆ ಇರಬೇಕು ಅಂದುಕೊಂಡಿದ್ದೆ. ನಮ್ಮ ಸಾಗರ ತಾಲೂಕಿನ ಕಡೆ ಪ್ರತಿ ಮನೆಯಲ್ಲೂ ಇಂಥದ್ದೊಂದು ಕಥೆ ಇರುತ್ತದೆ, ವಿಶೇಷ ಅನ್ನಿಸಲೇ ಇಲ್ಲ.

ಕರಾವಳಿ_ಕೀಲಿಮಣೆ:
ನಮ್ಮಲ್ಲೂ ಹಾಗೇ. ಗುಡುಗು ಶುರುವಾದರೆ ಮೊದಲು ಒಣಹಾಕಿದ ಅಡಿಕೆಗೆ ಟಾರ್ಪಾಲು, ಆಮೇಲೆ ಫೋನ್ ತಂತಿ ಕೀಳುವುದು. ಕೀಳಲು ಮರೆತ ವರ್ಷ ನನಗೆ ಎರಡು ಮೋಡೆಮ್ ಹೋದವು. ನನ್ನ ಹತ್ತಿರ ಒಂದು ಲೂಸೆಂಟ್ ಚಿಪ್ಪಿನ ಪಿಸಿಐ ಕಾರ್ಡ್ ಸುಮ್ನೆ ಬಿದ್ದಿದೆ. ಬೇಕಾದರೆ ಪಾರ್ಸೆಲ್ ಮಾಡುತ್ತೇನೆ. 5610 ಮಾತ್ರ ಕೇಳಬೇಡಿ.

ಮಲೆನಾಡ್98:
ಕಾರ್ಡ್ ಬಂತು, ತುಂಬಾ ಥ್ಯಾಂಕ್ಸ್. ಹಾಕಿದೆ. ಎಟಿಎಚ್1ಕ್ಕೆ ಮೀಟರ್ 7ಕ್ಕೆ ಇಳಿಯಿತು! ಟಿಕ್ ಅಂತು! ಡಯಲ್ ಸದ್ದೂ ಕೇಳಿಸಿತು. ಅಪ್ಪನ ಡೈರಿಯಲ್ಲಿದ್ದ ನಂಬರಿಗೆ ಮಾಡಿದೆ. 'ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ' ಅಂತ ಒಬ್ಬರು ಹೆಂಗಸು ಹೇಳುತ್ತಾರೆ. ಆಮೇಲೆ 678.

ಪಿಸಿಐ_ಪಂಡಿತ:
ಆ ಕಡೆ ಎತ್ತಲು ಮೋಡೆಮ್ಮೇ ಇಲ್ಲ ಈಗ. ನೀವೇ ಒಂದು ಮಾಡಿಕೊಳ್ಳಬೇಕು. ನೆಟ್ ಮೇಲೆ ಫೋನ್ ಲೈನ್ ಕೊಡುವ, ಎರಡು ಫೋನ್ ಪೋರ್ಟಿನ ವಿಒಐಪಿ ಅಡಾಪ್ಟರ್ ಒಂದು, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದು, ಅದಕ್ಕೆ ಯುಎಸ್‌ಬಿ ಮೋಡೆಮ್ ಒಂದು. ಪೈನಲ್ಲಿ ಕರೆ ಎತ್ತಲು ಎಂಗೆಟ್ಟಿ, ನೆಟ್ ಕೊಡಲು ಪಿಪಿಪಿಡಿ ಅನ್ನುವ ಪ್ರೋಗ್ರಾಂಗಳು. ಅಡಾಪ್ಟರಿನಲ್ಲಿ ಸದ್ದನ್ನು ಡಿಜಿಟಲ್ ಮಾಡುವ ಕೋಡೆಕ್ ಜಿ.711 ಇರಬೇಕು, ಜಿ.729 ಇದ್ದರೆ ಸದ್ದು ಹಿಂಡಿ ಹಿಪ್ಪೆಯಾಗುತ್ತದೆ, ಮೋಡೆಮ್‌ಗೆ ಅರ್ಥವಾಗುವುದಿಲ್ಲ. ಎಕೋ ಕ್ಯಾನ್ಸಲ್ ಆಫ್ ಮಾಡಿ. 56ಕೆ ವೇಗದ ಆಸೆ ಬಿಡಿ. ಅದಕ್ಕೆ ಆ ಕಡೆ ಡಿಜಿಟಲ್ ಲೈನ್ ಬೇಕು. ಎರಡೂ ಕಡೆ ಅನಲಾಗ್ ಇದ್ದರೆ 33.6ಕೆಗಿಂತ ಜಾಸ್ತಿ ಹೋಗದು. ನನಗೆ 26400 ಬಿಪಿಎಸ್ ಸಿಗುತ್ತದೆ. ಮಗಳಿಗೆ ಸದ್ದು ಕೇಳಿಸಲು ಅಷ್ಟು ಸಾಕು.

ಕರಾವಳಿ_ಕೀಲಿಮಣೆ:
ನನಗೆ 31200 ಬರುತ್ತದೆ. 5610ನಲ್ಲಿ.

ಪಿಸಿಐ_ಪಂಡಿತ:
ನಿಮ್ಮ 5610 ಗೊತ್ತಾಯಿತು.

ಮಲೆನಾಡ್98:
ವಿಒಐಪಿ ಅಡಾಪ್ಟರ್ ಯಾಕೆ? ನಮ್ಮ ಲ್ಯಾಂಡ್‌ಲೈನ್ ಈಗ ಫೈಬರ್ ಪೆಟ್ಟಿಗೆಯಿಂದಲೇ ಬರುತ್ತದಲ್ಲ, ಅದರ ಹಿಂದೆ ಫೋನ್ ತೂತು ಎರಡಿವೆ. ಅದರಲ್ಲೇ ಒಂದರಿಂದ ಇನ್ನೊಂದಕ್ಕೆ ಡಯಲ್ ಮಾಡಬಹುದಾ?

ಟೆಲಿಕಾಂ_ತಾತ:
ಲೈನು ಫೈಬರಿನದಾ? ಮಾಮೂಲಿ ಅಂದಿರಲ್ಲ!

ಮಲೆನಾಡ್98:
ಇಲ್ಲೆಲ್ಲ ಈಗ ಮಾಮೂಲಿ ಅಂದರೆ ಇದೇ ತಾತ. ತಾಮ್ರದ ತಂತಿ ಕಿತ್ತುಕೊಂಡು ಹೋಗಿ ಎಷ್ಟೋ ಕಾಲವಾಯಿತು.

ಪಿಸಿಐ_ಪಂಡಿತ:
ಎರಡನೇ ತೂತಿಗೆ ಬೇರೆ ನಂಬರ್ ಇದ್ದರೆ ಮಾತ್ರ. ಸುಮ್ನೆ ತೂತು ಇದ್ದರೆ ಆಗದು, ಟೋನೇ ಬರುವುದಿಲ್ಲ. ಫೋನ್ ಹಾಕಿ ನೋಡಿ.

ಜಂಪರ್‌ಬಾಬು:
ಹೊಸ ಕಾರ್ಡು ಯಾವ ಐಆರ್‌ಕ್ಯುನಲ್ಲಿ ಕೂತಿದೆ? ಕುತೂಹಲಕ್ಕೆ ಕೇಳಿದೆ.

ಮಲೆನಾಡ್98:
ಅದನ್ನು ನೋಡಲಿಲ್ಲ. ಮೋಡೆಮ್, ಮೌಸ್ ಎರಡೂ ಓಡುತ್ತಿವೆ.

ಎರಡನೇ ತೂತಿನಲ್ಲಿ ಟೋನ್ ಇಲ್ಲ. ಅಡಾಪ್ಟರ್ ಹುಡುಕುತ್ತೇನೆ. ಅಲ್ಲಿಯವರೆಗೆ ಮಗಳು ಆ ಹೆಂಗಸಿನ ದನಿಯನ್ನೇ ಮೂರು ಸಲ ಮೋಡೆಮ್ ಸ್ಪೀಕರಿನಲ್ಲಿ ಕೇಳಿ ನಕ್ಕಳು.

ಹೊಸಬ_404:
ಎಲ್ಲರಿಗೂ ನಮಸ್ಕಾರ. ನನಗೂ ಎರರ್ 692 ಬರುತ್ತಿದೆ. ಎಲ್ಲ ಮಾಮೂಲಿಯೇ ಇದೆ. ಏನು ಮಾಡಲಿ?

ಪಿಸಿಐ_ಪಂಡಿತ:
ಬೇರೆ ಚರ್ಚೆ ಶುರು ಮಾಡಿ. ಸಿಡಿಲು ಹೊಡೆದಿದೆಯಾ ಅಂತ ಮೊದಲ ಸಾಲಿನಲ್ಲೇ ಬರೆಯಿರಿ.