ಅಪ್‌ಡೇಟ್: ಬಿಸಿಯಾದರೆ ನಿಂತುಬಿಡುತ್ತಿದ್ದ ಹಳೇ ಬೈಕು ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಪಾಯಿಂಟ್ಸ್ (ಪ್ಲಗ್‌ನಲ್ಲಿ ಕಿಡಿ ಹುಟ್ಟಲು ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್) ಇರುವ ನನ್ನ ಹಳೇ ಬೈಕು ತಣ್ಣಗಿದ್ದಾಗ ಒಂದೇ ಕಿಕ್‌ಗೆ ಶುರುವಾಗುತ್ತದೆ, 20 ನಿಮಿಷ ಓಡಿದ ಮೇಲೆ ಕೆಮ್ಮಿ ನಿಲ್ಲುತ್ತದೆ ಅಂತ. ಕಳ್ಳ ಸಿಕ್ಕಿದ. ಕಂಡೆನ್ಸರ್, ಅಂದರೆ ಪಾಯಿಂಟ್ಸ್ ತೆರೆದಾಗ ಅಲ್ಲೇ ಕಿಡಿ ಹಾರದಂತೆ ತಡೆಯುವ ಪುಟ್ಟ ಭಾಗ!

ಮೊದಲು ಹೊಸ ಸ್ಪಾರ್ಕ್ ಪ್ಲಗ್ ಹಾಕಿದೆ. ಏನೂ ಬದಲಾಗಲಿಲ್ಲ. ನನಗೆ ಜಾಸ್ತಿ ಅನುಮಾನ ಇದ್ದದ್ದು ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ. ಗೆಳೆಯನ ಬೈಕಿನದು ತಂದು ಜೋಡಿಸಿದೆ, ಅದೂ ಸುಮ್ನೆ ದಂಡ. ಪಾಯಿಂಟ್ಸ್ ಉಜ್ಜಿ ಗ್ಯಾಪ್ 0.35 ಮಿ.ಮೀ.ಗೆ ಇಟ್ಟಾಗ ಎರಡು ದಿನ ಚೆನ್ನಾಗಿತ್ತು, ಆಮೇಲೆ ಅದೇ ಕಥೆ.

'ಕತ್ತಲಲ್ಲಿ ಕವರ್ ತೆಗೆದು ಪಾಯಿಂಟ್ಸ್ ನೋಡಿ' ಅಂದವರಿಗೆ ದೊಡ್ಡ ನಮಸ್ಕಾರ. ಎಂಜಿನ್ ಬಿಸಿಯಾಗುತ್ತಿದ್ದಂತೆ ಪಾಯಿಂಟ್ಸ್ ನಡುವೆ ಜೋರಾಗಿ ನೀಲಿ ಕಿಡಿ ಹಾರತೊಡಗಿತು. ಪ್ಲಗ್‌ಗೆ ಹೋಗಬೇಕಾದ ಶಕ್ತಿ ಇಲ್ಲೇ ಖರ್ಚಾಗುತ್ತಿತ್ತು. ಕಂಡೆನ್ಸರ್ ಬದಲಿಸಿದೆ, ಆ ಕಿಡಿ ಹೆಚ್ಚುಕಡಿಮೆ ಮಾಯ. ಪಾಯಿಂಟ್ಸ್ ಮುಖ ಸುಟ್ಟು ಗುಳಿ ಬಿದ್ದದ್ದೂ ಇದರಿಂದಲೇ.

ತಮಾಷೆ ಏನಂದರೆ, ಹಳೇ ಕಂಡೆನ್ಸರ್ ತಣ್ಣಗಿದ್ದಾಗ ಮೀಟರಿನಲ್ಲಿ ಸರಿಯಾಗೇ ತೋರಿಸುತ್ತಿತ್ತು. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಅಳೆದಾಗಲೇ ಬಣ್ಣ ಬಯಲಾದದ್ದು. (ಡ್ರೈಯರ್ ಯಾರದ್ದು ಅಂತ ಕೇಳಬೇಡಿ.)

ನಿನ್ನೆ ಎರಡು ಗಂಟೆ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ.